ದಪ್ಪಕ್ಷರದ ರಿಪೋರ್ಟ್ ಕೈಗೆ ಬಂದಾಗ

ಮಳೆಗಾಲ ಶುರುವಾಗಿ ತಿಂಗಳೊಪ್ಪತ್ತು ಕಳೆಯಿತೆಂದರೆ ವಿಜಯಪುರದ ಸುತ್ತಲಿನ ಊರುಗಳಲ್ಲಿ ಒಂದೇ ಮಾತು: ‘ಟೈಫಾಯ್ಡ್ ಆಗೇದಂತ್ರಿ.’ ಜ್ವರ ಬಂದ ಎರಡನೇ ದಿನಕ್ಕೇ ರಕ್ತ ಕೊಟ್ಟಿರುತ್ತಾರೆ. ತಾಸು ತುಂಬುವುದರೊಳಗೆ ರಿಪೋರ್ಟ್ ಬಂದಿರುತ್ತದೆ, ಅದರಲ್ಲಿ ‘ವಿಡಾಲ್ ಪಾಸಿಟಿವ್’ ಎಂದಿರುತ್ತದೆ, ಸಂಜೆಯೊಳಗೆ ಸಲೈನ್ ಹಚ್ಚಿರುತ್ತಾರೆ. ಎಂಟು ದಿನಕ್ಕೆ ಜ್ವರ ಬಿಟ್ಟರೂ ಸಮಾಧಾನವಿಲ್ಲ, ಮತ್ತೊಮ್ಮೆ ವಿಡಾಲ್ ಮಾಡಿಸುತ್ತಾರೆ. ಆಗಲೂ ಪಾಸಿಟಿವ್. ‘ಇನ್ನೂ ಒಳಗ ಉಳದದ’ ಎಂದು ಮತ್ತೆ ಇಂಜೆಕ್ಷನ್ನು, ಮತ್ತೆ ಖರ್ಚು. ತಿಕೋಟಾದಿಂದಲೋ ಬಬಲೇಶ್ವರದಿಂದಲೋ ಬಸ್ ಹತ್ತಿ ನಗರದ ದವಾಖಾನೆಗೆ ಬರುವ ಕೂಲಿಕಾರ ಕುಟುಂಬಕ್ಕೆ ಇದು ಒಂದು ವಾರದ ದುಡಿಮೆಯನ್ನೇ ನುಂಗುವ ಖರ್ಚು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಟೈಫಾಯ್ಡ್ ಎಂದು ನಂಬಿಕೊಂಡು ಕುಳಿತಿರುವಾಗ ಜ್ವರದ ನಿಜವಾದ ಕಾರಣ ತಪ್ಪಿಹೋಗುವುದು.

ಈ ಪರೀಕ್ಷೆಗೆ ಹೆಸರು ಬಂದದ್ದು ಫ್ರಾನ್ಸಿನ ವೈದ್ಯ ಫರ್ನಾಂಡ್ ವಿಡಾಲ್ ಅವರಿಂದ. ಟೈಫಾಯ್ಡ್ ರೋಗಿಯ ರಕ್ತದ ಸೀರಮ್ಮಿಗೆ ಆ ರೋಗದ ಬ್ಯಾಕ್ಟೀರಿಯಾ ಬೆರೆಸಿದರೆ ಅವು ಒಂದಕ್ಕೊಂದು ಅಂಟಿಕೊಂಡು ಗಂಟು ಕಟ್ಟುತ್ತವೆ ಎಂಬುದನ್ನು ರೋಗಪತ್ತೆಗೆ ಬಳಸಬಹುದೆಂದು ಅವರು 1896ರಲ್ಲಿ ತೋರಿಸಿದರು. ಅಂದರೆ ವಿಡಾಲ್ ಪರೀಕ್ಷೆ ಹುಡುಕುವುದು ರೋಗಾಣುವನ್ನಲ್ಲ, ಆ ರೋಗಾಣುವಿನ ವಿರುದ್ಧ ನಮ್ಮ ದೇಹ ಮಾಡಿಕೊಂಡ ಪ್ರತಿಕಾಯಗಳನ್ನು. ಪ್ರತಿಕಾಯ ತಯಾರಾಗಲು ಏಳೆಂಟು ದಿನ ಬೇಕು. ತಯಾರಾದ ಮೇಲೆ ಅದು ತಿಂಗಳುಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಜ್ವರದ ಎರಡನೇ ದಿನ ಮಾಡಿದ ವಿಡಾಲ್ ಪಾಸಿಟಿವ್ ಬಂದರೆ, ಅದು ಈಗಿನ ಜ್ವರದ ಗುರುತಾಗಿರುವುದಕ್ಕಿಂತ ಹಿಂದೆಂದೋ ಬಂದುಹೋದ ಸೋಂಕಿನ ಗುರುತಾಗಿರುವ ಸಾಧ್ಯತೆಯೇ ಹೆಚ್ಚು. ಟೈಫಾಯ್ಡ್ ಲಸಿಕೆ ಹಾಕಿಸಿಕೊಂಡವರಲ್ಲೂ ಪಾಸಿಟಿವ್ ಬರಬಹುದು, ಮಲೇರಿಯಾದಂಥ ಬೇರೆ ಜ್ವರಗಳಲ್ಲೂ ಬರಬಹುದು. ಕುಡಿಯುವ ನೀರಿನಲ್ಲಿ ಈ ರೋಗಾಣು ಆಗಾಗ ಸೇರುವ ನಮ್ಮಂಥ ಪ್ರದೇಶದಲ್ಲಿ, ಆರೋಗ್ಯವಾಗಿರುವ ಎಷ್ಟೋ ಜನರ ರಕ್ತದಲ್ಲಿ ಈ ಪ್ರತಿಕಾಯ ಅಷ್ಟಿಷ್ಟು ಇದ್ದೇ ಇರುತ್ತದೆ.

ರಿಪೋರ್ಟಿನಲ್ಲಿ ‘ಓ’, ‘ಎಚ್’ ಎಂಬ ಅಕ್ಷರಗಳ ಮುಂದೆ 1:80, 1:160 ಎಂದು ಬರೆದಿರುತ್ತದೆ. ಸೀರಮ್ಮನ್ನು ಅಷ್ಟು ಪಟ್ಟು ತೆಳುಮಾಡಿದ ಮೇಲೂ ಗಂಟು ಕಟ್ಟಿತು ಎಂಬುದು ಅದರ ಅರ್ಥ. ಒಂದೇ ಒಂದು ಸಲದ 1:80ಕ್ಕೆ ನಮ್ಮ ಕಡೆ ಹೆಚ್ಚಿನ ಬೆಲೆಯಿಲ್ಲ. ಏಳರಿಂದ ಹತ್ತು ದಿನ ಬಿಟ್ಟು ಮತ್ತೆ ಮಾಡಿದಾಗ ಅದು ನಾಲ್ಕು ಪಟ್ಟು ಏರಿ 1:320 ಆಗಿದ್ದರೆ ಆಗ ಮಾತು ಬೇರೆ. ಇನ್ನು ಜ್ವರ ಬಿಟ್ಟ ಮೇಲೆ ‘ಟೈಫಾಯ್ಡ್ ಹೋಯಿತೋ ಇಲ್ಲವೋ’ ನೋಡಲು ವಿಡಾಲ್ ಮಾಡಿಸುವುದಂತೂ ಪೂರ್ತಿ ವ್ಯರ್ಥ. ರೋಗ ಗುಣವಾದವನಲ್ಲೇ ಪ್ರತಿಕಾಯ ತುಂಬಿರುವುದು.

ಟೈಫಾಯ್ಡನ್ನು ಖಚಿತಪಡಿಸುವ ದಾರಿ ಬ್ಲಡ್ ಕಲ್ಚರ್. ರಕ್ತವನ್ನು ಪೋಷಕ ದ್ರವದ ಬಾಟಲಿಗೆ ಹಾಕಿ ರೋಗಾಣುವನ್ನೇ ಬೆಳೆಸಿ ನೋಡುವ ಪರೀಕ್ಷೆ ಅದು. ಯಾವ ಔಷಧಿಗೆ ಆ ರೋಗಾಣು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬುದನ್ನೂ ಅದು ಹೇಳುತ್ತದೆ. ಆಂಟಿಬಯೋಟಿಕ್ ಗುಳಿಗೆಗಳಿಗೆ ಟೈಫಾಯ್ಡ್ ರೋಗಾಣು ಒಂದೊಂದಾಗಿ ಜಗ್ಗದಂತಾಗುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಮಾಹಿತಿಯಲ್ಲ. ಆದರೆ ಫಲಿತಾಂಶ ಬರಲು ಎರಡರಿಂದ ಐದು ದಿನ ಬೇಕು, ರಕ್ತವೂ ಹೆಚ್ಚು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆಂಟಿಬಯೋಟಿಕ್ ಶುರುಮಾಡುವ ಮೊದಲೇ ರಕ್ತ ತೆಗೆದಿರಬೇಕು. ಊರಿನ ಔಷಧ ಅಂಗಡಿಯಲ್ಲಿ ಕೇಳಿ ಎರಡು ದಿನ ಗುಳಿಗೆ ನುಂಗಿ, ಬಳಿಕ ನಗರಕ್ಕೆ ಬಂದು ಕಲ್ಚರ್ ಮಾಡಿಸಿದರೆ ‘ಬೆಳವಣಿಗೆ ಇಲ್ಲ’ ಎಂದು ಬರಬಹುದು. ರೋಗವಿಲ್ಲ ಎಂದು ಅದರರ್ಥವಲ್ಲ. ಔಷಧಿ ಮುಟ್ಟದೆ ಬಂದವರಲ್ಲೂ ಈ ಪರೀಕ್ಷೆ ಹತ್ತರಲ್ಲಿ ಆರು ಪ್ರಕರಣಗಳನ್ನಷ್ಟೇ ಹಿಡಿಯುತ್ತದೆ. ನೆಗೆಟಿವ್ ರಿಪೋರ್ಟಿನ ಮಿತಿಯನ್ನೂ ತಿಳಿದಿರಬೇಕು.

ವಿಡಾಲ್ ಬಗ್ಗೆ ಇಷ್ಟು ಉದ್ದಕ್ಕೆ ಬರೆಯಲು ಕಾರಣವಿದೆ. ಲ್ಯಾಬಿನ ಕಾಗದವನ್ನು ನಾವು ತೀರ್ಪಿನ ಪ್ರತಿಯಂತೆ ಹಿಡಿದುಕೊಳ್ಳುತ್ತೇವೆ. ಅದು ತೀರ್ಪಲ್ಲ, ಒಂದು ಪ್ರಶ್ನೆಗೆ ಬಂದ ಉತ್ತರ. ಯಾರಿಗೆ, ಬೇನೆ ಶುರುವಾದ ಎಷ್ಟನೇ ದಿನ, ಯಾವ ಔಷಧಿಯ ಮೇಲೆ, ಯಾವ ಅನುಮಾನದಿಂದ ಆ ಪರೀಕ್ಷೆ ಮಾಡಲಾಯಿತು ಎಂಬುದು ಗೊತ್ತಿಲ್ಲದಿದ್ದರೆ ಅಂಕಿಗೆ ಅರ್ಥವೇ ಇಲ್ಲ.

ರಿಪೋರ್ಟಿನ ಬಲಗಡೆ ‘ನಾರ್ಮಲ್ ರೇಂಜ್’ ಎಂಬ ಸಾಲಿರುತ್ತದೆ. ಅದರಾಚೆ ಹೋದ ಅಂಕಿಯನ್ನು ಕಂಪ್ಯೂಟರ್ ತಾನಾಗಿಯೇ ದಪ್ಪಕ್ಷರದಲ್ಲೋ ಕೆಂಪಕ್ಷರದಲ್ಲೋ ಅಚ್ಚು ಮಾಡುತ್ತದೆ. ಅದನ್ನು ಕಂಡ ಕೂಡಲೇ ಮನೆಮಂದಿಯ ಮುಖ ಬಾಡುತ್ತದೆ. ಆ ರೇಂಜ್ ಎಲ್ಲಿಂದ ಬಂತು? ಹೆಚ್ಚಿನ ಪರೀಕ್ಷೆಗಳಲ್ಲಿ, ಆರೋಗ್ಯವಂತರ ಒಂದು ದೊಡ್ಡ ಗುಂಪನ್ನು ಪರೀಕ್ಷಿಸಿ, ನಡುವಿನ ಶೇಕಡಾ 95 ಮಂದಿಯ ಅಂಕಿಗಳು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿವೆಯೋ ಅದನ್ನು ರೇಂಜ್ ಎಂದು ಕರೆಯುತ್ತಾರೆ. ಅಂದಮೇಲೆ ಯಾವ ರೋಗವೂ ಇಲ್ಲದ ಶೇಕಡಾ 5 ಮಂದಿ ಲೆಕ್ಕದ ಪ್ರಕಾರವೇ ಅದರ ಹೊರಗೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಪೂರ್ಣ ಆರೋಗ್ಯವಂತನಿಗೆ ಮಾಡಿಸಿ ನೋಡಿ: ಒಂದಾದರೂ ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಸುಮಾರು ಶೇಕಡಾ 64. ‘ಎಪ್ಪತ್ತು ಪರೀಕ್ಷೆ ಒಂದೇ ದರದಲ್ಲಿ’ ಎಂಬ ಪ್ಯಾಕೇಜ್ ಮಾಡಿಸಿಕೊಂಡು ಬಂದವರ ಕೈಯಲ್ಲಿ ದಪ್ಪಕ್ಷರವೇ ಇಲ್ಲದ ರಿಪೋರ್ಟ್ ಅಪರೂಪ.

ರೇಂಜ್ ಎಲ್ಲ ಲ್ಯಾಬಿನಲ್ಲೂ ಒಂದೇ ಇರುವುದಿಲ್ಲ. ಯಂತ್ರ ಬೇರೆ, ರಾಸಾಯನಿಕ ಬೇರೆ. ಹೋದ ಸಲ ಒಂದು ಲ್ಯಾಬಿನಲ್ಲಿ, ಈ ಸಲ ಇನ್ನೊಂದರಲ್ಲಿ ಮಾಡಿಸಿ ‘ಥೈರಾಯ್ಡ್ 3.8 ಇದ್ದದ್ದು 4.6 ಆಯಿತು’ ಎಂದು ಗಾಬರಿಪಡುವವರು ಇದನ್ನು ನೆನಪಿಡಬೇಕು. ಅದೇ ಲ್ಯಾಬಿನಲ್ಲಿ ಅದೇ ದಿನ ಬೆಳಿಗ್ಗೆ ಮತ್ತು ಸಂಜೆ ಕೊಟ್ಟರೂ ಥೈರಾಯ್ಡಿನ ಈ ಅಂಕಿ, ಅಂದರೆ ಟಿಎಸ್ಎಚ್, ಅಷ್ಟು ವ್ಯತ್ಯಾಸವಾಗಬಲ್ಲದು.

ರಕ್ತ ಲ್ಯಾಬಿಗೆ ಮುಟ್ಟುವ ದಾರಿಯಲ್ಲೂ ಅಂಕಿ ಬದಲಾಗುತ್ತದೆ. ತಾಲ್ಲೂಕು ಸ್ಥಳಗಳಲ್ಲಿ ಬೆಳಿಗ್ಗೆ ತೆಗೆದ ರಕ್ತ ನಗರದ ಲ್ಯಾಬಿಗೆ ಮಧ್ಯಾಹ್ನ ಹೋಗಿ ಸೇರುವುದು ಸಾಮಾನ್ಯ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲು. ನಳಿಕೆಯಲ್ಲಿರುವ ರಕ್ತದ ಕಣಗಳು ಜೀವಂತವಾಗಿರುತ್ತವೆ. ಅವು ಅಲ್ಲಿರುವ ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ಸಾಧಾರಣ ಉಷ್ಣತೆಯಲ್ಲೇ ತಾಸಿಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ, ಬಿಸಿಲಲ್ಲಿ ಇನ್ನೂ ಹೆಚ್ಚು. 130 ಇದ್ದ ಸಕ್ಕರೆ ಮೂರು ತಾಸಿನ ಬಳಿಕ 110ರ ಆಸುಪಾಸು ಕಂಡು, ಮಧುಮೇಹಿಯೊಬ್ಬ ‘ಶುಗರ್ ಇಲ್ಲ’ ಎನಿಸಿಕೊಂಡು ಮನೆಗೆ ಹೋಗಬಹುದು. ಇದನ್ನು ತಡೆಯಲೆಂದೇ ಸಕ್ಕರೆ ಪರೀಕ್ಷೆಯ ರಕ್ತವನ್ನು ಫ್ಲೋರೈಡ್ ಇರುವ ಬೂದು ಮುಚ್ಚಳದ ನಳಿಕೆಗೆ ಹಾಕುತ್ತಾರೆ. ಇನ್ನೊಂದು ಕಡೆ, ಕುಲುಕಾಟದಲ್ಲೋ ರಕ್ತ ತೆಗೆಯುವಾಗಿನ ಒತ್ತಡದಲ್ಲೋ ಕೆಂಪು ಕಣಗಳು ಒಡೆದರೆ ಅವುಗಳ ಒಳಗಿನ ಪೊಟ್ಯಾಷಿಯಂ ಹೊರಗೆ ಚೆಲ್ಲಿ, ಇಲ್ಲದ ಪೊಟ್ಯಾಷಿಯಂ ಏರಿಕೆ ರಿಪೋರ್ಟಿನಲ್ಲಿ ಕಾಣುತ್ತದೆ. ರಕ್ತ ಕೊಡುವಾಗ ‘ಇದು ಎಲ್ಲಿಗೆ ಹೋಗತದ್ರಿ, ಎಷ್ಟೊತ್ತಿಗೆ ಮುಟ್ಟತದ, ಐಸ್ ಡಬ್ಬಿ ಅದನೋ ಇಲ್ಲೋ’ ಎಂದು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಲ್ಯಾಬಿನವರು ಖುಷಿಯಿಂದಲೇ ಉತ್ತರ ಕೊಡುತ್ತಾರೆ.

ಇನ್ನು ಡೆಂಗಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಆ ವರ್ಷವೇ ಖಾಸಗಿ ಲ್ಯಾಬುಗಳಲ್ಲಿ ಎನ್‌ಎಸ್1 ಮತ್ತು ಐಜಿಎಂ ಎಲೈಸಾ ಪರೀಕ್ಷೆಗಳಿಗೆ ತಲಾ 300 ರೂಪಾಯಿಯ ಮಿತಿಯನ್ನೂ ಹಾಕಿತು. ಈ ಎರಡು ಪರೀಕ್ಷೆಗಳ ವ್ಯತ್ಯಾಸ ದಿನದ ಲೆಕ್ಕದಲ್ಲಿದೆ. ಎನ್‌ಎಸ್1 ವೈರಸ್ಸಿನದೇ ಒಂದು ಪ್ರೋಟೀನು, ಜ್ವರದ ಮೊದಲ ಐದು ದಿನ ಸಿಗುತ್ತದೆ. ಐಜಿಎಂ ನಮ್ಮ ದೇಹದ ಪ್ರತಿಕಾಯ, ಐದನೇ ದಿನದ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. ಎರಡನೇ ದಿನ ಐಜಿಎಂ ಮಾಡಿಸಿ ‘ಡೆಂಗಿ ಇಲ್ಲ’ ಎನ್ನುವುದೂ, ಎಂಟನೇ ದಿನ ಎನ್‌ಎಸ್1 ಮಾತ್ರ ಮಾಡಿಸಿ ‘ಇಲ್ಲ’ ಎನ್ನುವುದೂ ಒಂದೇ ಬಗೆಯ ತಪ್ಪು.

ಡೆಂಗಿಯಲ್ಲಿ ಜನರ ಜೀವ ಹಿಂಡುವುದು ಪ್ಲೇಟ್‌ಲೆಟ್ ಅಂಕಿ. ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಈ ಕಣಗಳು ಡೆಂಗಿಯಲ್ಲಿ ಇಳಿಯುವುದು ಸಹಜ, ಜ್ವರ ಬಿಡುವ ಹೊತ್ತಿಗೆ ತಳ ಮುಟ್ಟಿ, ಮತ್ತೆ ತಾವಾಗಿಯೇ ಏರುವುದೂ ಅಷ್ಟೇ ಸಹಜ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಹೋಗುವವರೆಗೆ ಪ್ಲೇಟ್‌ಲೆಟ್ ಏರಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. 60,000ಕ್ಕೆ ಇಳಿದ ಕೂಡಲೇ ರಕ್ತದಾನಿಗಳನ್ನು ಹುಡುಕಿ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹರಿಬಿಡುವ ಮೊದಲು ವೈದ್ಯರನ್ನು ಕೇಳಿ. ಡೆಂಗಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಇಳಿದದ್ದರಿಂದಲ್ಲ, ರಕ್ತನಾಳಗಳಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗಿ ಬಿಪಿ ಕುಸಿಯುವುದರಿಂದ. ಆ ಸೋರಿಕೆಯ ಸುಳಿವು ಅದೇ ರಿಪೋರ್ಟಿನ ಇನ್ನೊಂದು ಸಾಲಿನಲ್ಲಿದೆ: ಹೆಮಟೋಕ್ರಿಟ್, ಕೆಲವು ಕಡೆ ಪಿಸಿವಿ ಎಂದು ಬರೆದಿರುತ್ತಾರೆ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗ ಅದು ಏರುತ್ತಿದ್ದರೆ ಎಚ್ಚರ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಂಕು ಕವಿದಂತಾಗುವುದು, ಇವು ಕಂಡರೆ ಅಂಕಿ ಏನೇ ಇರಲಿ ರೋಗಿಯನ್ನು ದೊಡ್ಡ ದವಾಖಾನೆಗೆ ಸೇರಿಸಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಗುಳಿಗೆ ಬೇಡ.

ಒಂದು ಮಾತು ಸೇರಿಸಬೇಕು. ಕೆಲವರ ಪ್ಲೇಟ್‌ಲೆಟ್‌ಗಳು ನೇರಳೆ ಮುಚ್ಚಳದ ನಳಿಕೆಯಲ್ಲಿರುವ ರಾಸಾಯನಿಕಕ್ಕೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಂತ್ರ ಆ ಗುಂಪನ್ನು ಎಣಿಸದೆ ಬಿಟ್ಟು 40,000 ಎಂದು ತೋರಿಸುತ್ತದೆ. ಮನುಷ್ಯನಿಗೆ ಏನೂ ಆಗಿರುವುದಿಲ್ಲ. ಗಾಜಿನ ಪಟ್ಟಿಯ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರೆ ನಿಜ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಸದ್ದಿಲ್ಲದೆ ಹಬ್ಬಿರುವ ತೊಂದರೆ ರಕ್ತಹೀನತೆ. 2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಕಂಡುಬಂತು. ಹಿಮೋಗ್ಲೋಬಿನ್ ಗಂಡಸರಲ್ಲಿ 13, ಹೆಂಗಸರಲ್ಲಿ 12, ಬಸುರಿಯರಲ್ಲಿ 11 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ‘ಹೆಣ್ಣುಮಕ್ಕಳಿಗೆ ಒಂಬತ್ತು ಹತ್ತು ಇರೂದs’ ಎಂಬ ಮಾತನ್ನು ಹಿರಿಯರ ಬಾಯಲ್ಲಿ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಂಬತ್ತು ಇರುವುದು ಮಾಮೂಲಾಗಿದೆ, ನಿಜ. ಮಾಮೂಲಾದದ್ದೆಲ್ಲ ಆರೋಗ್ಯವಲ್ಲ. ಒಣದ್ರಾಕ್ಷಿ ಶೆಡ್ಡಿನಲ್ಲಿ ದಿನವಿಡೀ ನಿಂತು ಕಾಳು ಆರಿಸುವ ಹೆಂಗಸು ‘ದಣಿವು’ ಎಂದರೆ ಅದು ಸೋಮಾರಿತನವೂ ಅಲ್ಲ, ವಯಸ್ಸೂ ಅಲ್ಲ.

ಹಿಮೋಗ್ಲೋಬಿನ್ ಕಡಿಮೆ ಎಂದ ಕೂಡಲೇ ಕಬ್ಬಿಣದ ಗುಳಿಗೆ ಕೊಟ್ಟು ಕಳಿಸುತ್ತಾರೆ. ಹೆಚ್ಚಿನವರಿಗೆ ಅದೇ ಸರಿ. ಆದರೆ ಅದೇ ಕಾಗದದಲ್ಲಿ ಎಂಸಿವಿ ಎಂಬ ಅಂಕಿಯಿದೆ, ಅದನ್ನೂ ನೋಡಬೇಕು. ಕೆಂಪು ಕಣದ ಸರಾಸರಿ ಗಾತ್ರ ಅದು, 80ರಿಂದ 100 ಇರಬೇಕು. 80ಕ್ಕಿಂತ ಕಡಿಮೆಯಿದ್ದರೆ ಕಬ್ಬಿಣದ ಕೊರತೆ ಇರಬಹುದು, ಥಲಸ್ಸೀಮಿಯಾ ವಾಹಕರೂ ಆಗಿರಬಹುದು. 100 ದಾಟಿದ್ದರೆ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆಯ ಕಡೆ ಬೆರಳು. ಕಾಯಿಪಲ್ಲೆ, ರೊಟ್ಟಿ, ಬೇಳೆಯಲ್ಲೇ ಬದುಕುವ ಮತ್ತು ಹಾಲು ಮೊಸರು ಕಡಿಮೆಯಿರುವ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲೂ ಸಾಮಾನ್ಯ. ಅಂಥವರಿಗೆ ಕಬ್ಬಿಣ ಎಷ್ಟು ಕೊಟ್ಟರೂ ರಕ್ತ ಏರುವುದಿಲ್ಲ. ಕಬ್ಬಿಣ, ಬಿ12 ಎರಡೂ ಕಡಿಮೆಯಿದ್ದರೆ ಒಂದು ಕೆಳಕ್ಕೆ, ಇನ್ನೊಂದು ಮೇಲಕ್ಕೆ ಎಳೆದು ಎಂಸಿವಿ ನಡುವೆಯೇ ನಿಂತುಬಿಡುವುದೂ ಉಂಟು. ಐವತ್ತು ದಾಟಿದ ಗಂಡಸಿಗೆ ರಕ್ತ ಕಡಿಮೆಯಾಗಿ ಎಂಸಿವಿ ಕೆಳಗಿದ್ದರೆ ಗುಳಿಗೆ ಕೊಡುವುದಕ್ಕೆ ಮುಂಚೆ ಅವನ ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು. ಹೊಟ್ಟೆಯ ಹುಣ್ಣಿನಿಂದ ಕರುಳಿನ ಕ್ಯಾನ್ಸರಿನವರೆಗೆ ಏನು ಬೇಕಾದರೂ ಇರಬಹುದು.

ರಕ್ತಹೀನತೆಗೂ ಸಕ್ಕರೆ ಪರೀಕ್ಷೆಗೂ ಒಂದು ನಂಟಿದೆ. ಬೆಳಗಿನ ಖಾಲಿಹೊಟ್ಟೆಯ ಸಕ್ಕರೆ ಎಂದರೆ ಒಣದ್ರಾಕ್ಷಿಯ ಆ ದಿನದ ಧಾರಣಿ ಇದ್ದ ಹಾಗೆ, ಎಚ್‌ಬಿಎ1ಸಿ ಎಂದರೆ ಹಂಗಾಮಿನ ಸರಾಸರಿ ಧಾರಣಿ. ಹಿಂದಿನ ಎರಡು ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ನಿಗೆ ಎಷ್ಟು ಸಕ್ಕರೆ ಅಂಟಿದೆ ಎಂಬ ಲೆಕ್ಕ ಅದು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲು, 6.5 ಮುಟ್ಟಿದರೆ ಮಧುಮೇಹ. ಖಾಲಿಹೊಟ್ಟೆಯಲ್ಲಿ 100ರಿಂದ 125 ಹೊಸ್ತಿಲು, 126 ಮುಟ್ಟಿದರೆ ಮಧುಮೇಹ. ಲಕ್ಷಣಗಳೇ ಇಲ್ಲದವರಿಗೆ ಇನ್ನೊಮ್ಮೆ ಪರೀಕ್ಷಿಸಿ ಖಚಿತ ಮಾಡಿಕೊಳ್ಳದೆ ‘ಶುಗರ್ ಬಂದದ’ ಎಂದು ಹಣೆಪಟ್ಟಿ ಕಟ್ಟಬಾರದು. ಕಬ್ಬಿಣದ ಕೊರತೆಯಲ್ಲಿ ಕೆಂಪು ಕಣಗಳು ಹಳತಾಗುತ್ತವೆ, ಅವುಗಳಿಗೆ ಹೆಚ್ಚು ದಿನ ಸಕ್ಕರೆ ಅಂಟುತ್ತ ಹೋಗುತ್ತದೆ, ಹಾಗಾಗಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ, ರಕ್ತ ಹೋದವರಲ್ಲಿ ಕಡಿಮೆ ತೋರಬಹುದು. ಅರ್ಧದಷ್ಟು ಹೆಂಗಸರಿಗೆ ರಕ್ತ ಕಡಿಮೆಯಿರುವ ನಾಡಿನಲ್ಲಿ ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿಯನ್ನು ಓದುವುದು ಅರ್ಧ ಓದು.

ಈಗಾಗಲೇ ಗುಳಿಗೆ ತೆಗೆದುಕೊಳ್ಳುತ್ತಿರುವ ಮಧುಮೇಹಿಗಳು ಮಾಡುವ ಒಂದು ತಪ್ಪು ಬಹಳ ಸಾಮಾನ್ಯ. ಊಟದ ನಂತರದ ರಕ್ತ ಕೊಡುವ ದಿನ ಗುಳಿಗೆ ಬಿಟ್ಟು ಬರುತ್ತಾರೆ, ಇಲ್ಲವೇ ದಿನಾಲೂ ಮೂರು ರೊಟ್ಟಿ ತಿನ್ನುವವರು ಅವತ್ತು ಒಂದೇ ಇಡ್ಲಿ ತಿಂದು ಬರುತ್ತಾರೆ. ಆ ಪರೀಕ್ಷೆ ಇರುವುದೇ ನಿಮ್ಮ ದಿನದ ಊಟಕ್ಕೆ ನಿಮ್ಮ ದಿನದ ಗುಳಿಗೆ ಸಾಲುತ್ತದೆಯೋ ಇಲ್ಲವೋ ನೋಡಲು. ಎಂದಿನಂತೆ ಗುಳಿಗೆ ನುಂಗಿ, ಎಂದಿನಂತೆ ಉಂಡು, ಮೊದಲ ತುತ್ತಿನಿಂದ ಎರಡು ತಾಸಿಗೆ ಸರಿಯಾಗಿ ರಕ್ತ ಕೊಡಿ.

ಕಿಡ್ನಿಯ ವಿಷಯ ಇನ್ನೂ ಗಂಭೀರ. ಕ್ರಿಯಾಟಿನಿನ್ ಎಂಬುದು ನಮ್ಮ ಸ್ನಾಯುಗಳಿಂದ ಹುಟ್ಟುವ ಕಸ, ಅದನ್ನು ಕಿಡ್ನಿ ಹೊರಹಾಕುತ್ತದೆ. ಸ್ನಾಯು ಹೆಚ್ಚಿದ್ದವರಲ್ಲಿ ಅದು ಹೆಚ್ಚು, ಬಡಕಲು ದೇಹದವರಲ್ಲಿ ಕಡಿಮೆ. ರಿಪೋರ್ಟಿನಲ್ಲಿ 1.2 ಎಂದು ಬಂದಿದೆ ಅನ್ನಿ. ಹೆಚ್ಚಿನ ಲ್ಯಾಬುಗಳಲ್ಲಿ ಅದು ರೇಂಜಿನ ಒಳಗೋ ಅಂಚಿನಲ್ಲೋ ಇರುತ್ತದೆ, ದಪ್ಪಕ್ಷರವಾಗುವುದಿಲ್ಲ. 25 ವರ್ಷದ ಹುಡುಗನಿಗೆ ಆ 1.2 ಎಂದರೆ ಕಿಡ್ನಿಯ ಶೋಧನೆ ಪ್ರಮಾಣ ಸುಮಾರು 86, ಏನೂ ಚಿಂತೆಯಿಲ್ಲ. 70 ವರ್ಷದ ಅಜ್ಜಿಗೆ ಅದೇ 1.2 ಎಂದರೆ ಸುಮಾರು 49. ಮೂರು ತಿಂಗಳಿಗೂ ಹೆಚ್ಚು ಕಾಲ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಒಂದೇ ಅಂಕಿ, ಇಬ್ಬರಿಗೆ ಎರಡು ಅರ್ಥ. ಆದ್ದರಿಂದ ಕ್ರಿಯಾಟಿನಿನ್ ಪಕ್ಕದಲ್ಲಿ ಈ ಶೋಧನೆ ಪ್ರಮಾಣ, ಅಂದರೆ ಇಜಿಎಫ್ಆರ್, ಬರೆದಿದೆಯೇ ನೋಡಿ, ಇಲ್ಲದಿದ್ದರೆ ವೈದ್ಯರಿಗೆ ಲೆಕ್ಕ ಹಾಕಲು ಹೇಳಿ. ಕಿಡ್ನಿಯ ಶಕ್ತಿ ಅರ್ಧ ಕುಗ್ಗುವವರೆಗೂ ಕ್ರಿಯಾಟಿನಿನ್ ರೇಂಜಿನೊಳಗೇ ಇರಬಲ್ಲದು. ಮಧುಮೇಹ, ಬಿಪಿ ಇದ್ದವರು ವರ್ಷಕ್ಕೊಮ್ಮೆ ಮೂತ್ರದಲ್ಲಿ ಆಲ್ಬುಮಿನ್ ಸೋರುತ್ತಿದೆಯೇ ಎಂದು ನೋಡಿಸಿದರೆ ಹಾನಿ ಅದಕ್ಕೂ ಮುಂಚೆ ಸಿಕ್ಕಿಬೀಳುತ್ತದೆ. ಬೇಸಿಗೆಯಲ್ಲಿ ನೀರು ಕುಡಿಯದೆ ದುಡಿದು, ಮೈಕೈ ನೋವಿಗೆ ರಾತ್ರಿ ಡೈಕ್ಲೋಫೆನಾಕ್ ನುಂಗಿ ಮಲಗುವ ರೂಢಿ ನಮ್ಮ ಹೊಲ ತೋಟಗಳಲ್ಲಿ ವ್ಯಾಪಕವಾಗಿದೆ. ಕಿಡ್ನಿಗೆ ಇವೆರಡೂ ಸೇರಿದರೆ ಬಲವಾದ ಪೆಟ್ಟು.

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರು ತಿಳಿದಿರಬೇಕಾದ ಪರೀಕ್ಷೆ ಇನ್ನೊಂದಿದೆ: ಕೋಲಿನೆಸ್ಟರೇಸ್. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ತೋಟಗಳಲ್ಲಿ ಎಣ್ಣೆ ಹೊಡೆಯುವ ಕೆಲಸ ಬಿಡುವಿಲ್ಲದೆ ನಡೆಯುತ್ತದೆ. ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಚರ್ಮದಿಂದಲೋ ಉಸಿರಿನಿಂದಲೋ ಮೈ ಸೇರಿದರೆ ಈ ಕಿಣ್ವ ಕುಗ್ಗುತ್ತದೆ. ಜೊಲ್ಲು, ಬೆವರು, ಕಣ್ಣಾಲಿ ಕಿರಿದಾಗುವುದು, ಎದೆ ಬಿಗಿತ, ಸ್ನಾಯು ಅದುರುವುದು ಇದರ ಲಕ್ಷಣ. ತೊಡಕೇನೆಂದರೆ ಈ ಕಿಣ್ವದ ಸಹಜ ಮಟ್ಟ ಒಬ್ಬರಿಂದೊಬ್ಬರಿಗೆ ತುಂಬ ವ್ಯತ್ಯಾಸವಾಗುತ್ತದೆ. ಹುಟ್ಟಾ ಹೆಚ್ಚು ಇರುವವನಲ್ಲಿ ಅರ್ಧಕ್ಕೆ ಇಳಿದರೂ ಅದು ‘ನಾರ್ಮಲ್ ರೇಂಜ್’ ಒಳಗೇ ಕಾಣಬಹುದು. ಹಾಗಾಗಿ ಹಂಗಾಮಿನ ಮುಂಚೆ ಒಮ್ಮೆ ಮಾಡಿಸಿ ಇಟ್ಟುಕೊಂಡರೆ ಮಾತ್ರ ಬಳಿಕದ ಅಂಕಿಯನ್ನು ಹೋಲಿಸಿ ನೋಡಲು ಸಾಧ್ಯ. ದಿನಗೂಲಿಗೆ ಎಣ್ಣೆ ಹೊಡೆಯಲು ಬರುವವರಿಗೆ ತೋಟದ ಮಾಲೀಕರೇ ಇದನ್ನು ಮಾಡಿಸಿಕೊಡಬೇಕು. ಕೈಗವಸು, ಮುಖವಾಡವನ್ನೂ ಕೊಡಬೇಕು. ಇದರಲ್ಲಿ ಚೌಕಾಸಿ ಸಲ್ಲದು.

ನಡುನೋವಿನ ಎಂಆರ್‌ಐ ಬಗ್ಗೆ ಎರಡು ಮಾತು. ‘ಡಿಸ್ಕ್ ಬಲ್ಜ್’ ಎಂದು ಬರೆದ ಕಾಗದ ಹಿಡಿದು ಆಪರೇಷನ್ ಭಯದಲ್ಲಿ ನಿದ್ದೆಗೆಟ್ಟವರು ಬಹಳ. ನೋವೇ ಇಲ್ಲದವರ ಬೆನ್ನೆಲುಬಿನ ಚಿತ್ರಗಳನ್ನು ಒಟ್ಟುಗೂಡಿಸಿ ಮಾಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 20ರ ವಯಸ್ಸಿನವರಲ್ಲಿ ಶೇಕಡಾ 30, 50ರ ವಯಸ್ಸಿನವರಲ್ಲಿ ಶೇಕಡಾ 60, 80ರವರಲ್ಲಿ ಶೇಕಡಾ 84 ಮಂದಿಗೆ ಡಿಸ್ಕ್ ಉಬ್ಬಿತ್ತು. ಯಾರಿಗೂ ನೋವಿರಲಿಲ್ಲ. ಕಾಲಿನ ಶಕ್ತಿ ಕುಗ್ಗುವುದು, ಮೂತ್ರ ಕಟ್ಟುವುದು ಅಥವಾ ಹಿಡಿತ ತಪ್ಪುವುದು, ಜ್ವರ, ತೂಕ ಇಳಿಯುವುದು ಇದ್ದರೆ ಎಂಆರ್‌ಐ ತಡಮಾಡದೆ ಬೇಕು. ಇಲ್ಲದಿದ್ದರೆ ಆರು ವಾರ ಕಾದು, ನಡೆದಾಡಿಕೊಂಡು, ವ್ಯಾಯಾಮ ಮಾಡಿ ನೋಡಬಹುದು.

ಮತ್ತೆ ಪ್ರತಿಕಾಯದ ಮಾತಿಗೆ ಬಂದರೆ, ಕ್ಷಯಕ್ಕೆ ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಗಳನ್ನು ಕೇಂದ್ರ ಸರ್ಕಾರ 2012ರಲ್ಲೇ ನಿಷೇಧಿಸಿದೆ. ಅವು ರೋಗ ಇದ್ದವರಿಗೆ ಇಲ್ಲವೆಂದು, ಇಲ್ಲದವರಿಗೆ ಇದೆಯೆಂದು ಹೇಳುತ್ತಿದ್ದವು. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಆಗಬೇಕು. ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಯಂತ್ರದಲ್ಲಿ ಕೆಲವೇ ತಾಸುಗಳಲ್ಲಿ ರೋಗಾಣುವಿನ ಗುರುತು ಸಿಗುತ್ತದೆ, ಮುಖ್ಯ ಔಷಧಿ ರಿಫಾಂಪಿಸಿನ್ ಅದಕ್ಕೆ ನಾಟುತ್ತದೆಯೇ ಎಂಬುದೂ ತಿಳಿಯುತ್ತದೆ. ಸರ್ಕಾರಿ ವ್ಯವಸ್ಥೆಯಲ್ಲಿ ಇದು ಉಚಿತ.

ಹಾಗಾದರೆ ಯಾವ ಲಕ್ಷಣವೂ ಇಲ್ಲದವರು ‘ಒಂದ್ಸಲ ಎಲ್ಲಾ ಚೆಕ್ ಮಾಡಿಸಿಬಿಡೋಣ’ ಎಂದು ಹೋದರೆ ತಪ್ಪೇನು? ಲೆಕ್ಕ ಹಾಕಿ ನೋಡಿ. ಒಂದು ಪರೀಕ್ಷೆ ನೂರು ರೋಗಿಗಳಲ್ಲಿ 95 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ, ನೂರು ಆರೋಗ್ಯವಂತರಲ್ಲಿ 95 ಮಂದಿಗೆ ರೋಗವಿಲ್ಲವೆಂದು ಸರಿಯಾಗಿ ಹೇಳುತ್ತದೆ ಎಂದುಕೊಳ್ಳೋಣ. ಬಹಳ ಒಳ್ಳೆಯ ಪರೀಕ್ಷೆಯೇ. ಆ ರೋಗ ನೂರರಲ್ಲಿ ಒಬ್ಬರಿಗಿದೆ. 10,000 ಜನರನ್ನು ಪರೀಕ್ಷಿಸಿದರೆ ರೋಗವಿರುವ 100 ಮಂದಿಯಲ್ಲಿ 95 ಮಂದಿ ಪಾಸಿಟಿವ್. ರೋಗವಿಲ್ಲದ 9,900 ಮಂದಿಯಲ್ಲೂ 495 ಮಂದಿ ಪಾಸಿಟಿವ್. ಒಟ್ಟು 590 ಪಾಸಿಟಿವ್ ರಿಪೋರ್ಟುಗಳಲ್ಲಿ ನಿಜವಾದ ರೋಗಿಗಳು 95 ಮಾತ್ರ, ಆರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಅದೇ ಪರೀಕ್ಷೆಯನ್ನು ಲಕ್ಷಣಗಳಿದ್ದು ವೈದ್ಯರಿಗೆ ಬಲವಾದ ಅನುಮಾನ ಬಂದವರಿಗೆ ಮಾತ್ರ ಮಾಡಿದರೆ, ಅಂಥವರಲ್ಲಿ ಅರ್ಧದಷ್ಟು ಮಂದಿಗೆ ರೋಗವಿದ್ದರೆ, ಪಾಸಿಟಿವ್ ಬಂದ ನೂರರಲ್ಲಿ 95 ಮಂದಿಗೆ ರೋಗ ಇದ್ದೇ ಇರುತ್ತದೆ. ಪರೀಕ್ಷೆ ಬದಲಾಗಲಿಲ್ಲ, ಕೇಳಿದ ಸಂದರ್ಭ ಬದಲಾಯಿತು. ಬಿಪಿ, ಸಕ್ಕರೆ, ಹೆಂಗಸರಲ್ಲಿ ಗರ್ಭಕೊರಳಿನ ಮತ್ತು ಸ್ತನದ ತಪಾಸಣೆಯಂಥವು ಲಕ್ಷಣವಿಲ್ಲದೆಯೂ ಮಾಡಿಸಲು ಯೋಗ್ಯ. ಕೀಲುನೋವೇ ಇಲ್ಲದವರಿಗೆ ಕೀಲುವಾತದ ಆರ್‌ಎ ಫ್ಯಾಕ್ಟರ್, ಯಾವ ಸುಳಿವೂ ಇಲ್ಲದೆ ಕ್ಯಾನ್ಸರ್ ಮಾರ್ಕರ್‌ಗಳು ಬೇಕಿಲ್ಲ. ಅವು ತರುವುದು ಆತಂಕವನ್ನು, ಆಮೇಲೆ ಇನ್ನಷ್ಟು ಪರೀಕ್ಷೆಗಳನ್ನು.

ಖರ್ಚಿನ ವಿಷಯಕ್ಕೆ ಬಂದರೆ, ಎಲ್ಲದಕ್ಕೂ ನಗರದ ಖಾಸಗಿ ಲ್ಯಾಬಿಗೇ ಓಡಬೇಕಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಉಚಿತ ಪರೀಕ್ಷೆಗಳ ಪಟ್ಟಿಯ ಪ್ರಕಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 63, ಸಮುದಾಯ ಆರೋಗ್ಯ ಕೇಂದ್ರದಲ್ಲಿ 97, ಜಿಲ್ಲಾ ಆಸ್ಪತ್ರೆಯಲ್ಲಿ 134 ಬಗೆಯ ಪರೀಕ್ಷೆಗಳು ಸಿಗಬೇಕು. ಪಟ್ಟಿಯಲ್ಲಿದ್ದದ್ದು ನಿಮ್ಮ ಊರಿನ ಕೇಂದ್ರದಲ್ಲಿ ಇಲ್ಲವೆಂದಾದರೆ ಅಲ್ಲಿಯ ವೈದ್ಯಾಧಿಕಾರಿಯನ್ನು, ಪಂಚಾಯಿತಿ ಸದಸ್ಯರನ್ನು ಕೇಳಿ. ಕೇಳುವವರಿಲ್ಲದ ಕಡೆ ಯಂತ್ರಕ್ಕೆ ದೂಳು ಹಿಡಿಯುತ್ತದೆ, ರಾಸಾಯನಿಕದ ಅವಧಿ ಮುಗಿಯುತ್ತದೆ. ಖಾಸಗಿ ಲ್ಯಾಬುಗಳೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಿರಬೇಕು, ದರಪಟ್ಟಿ ಕಣ್ಣಿಗೆ ಬೀಳುವಂತೆ ಇರಬೇಕು. ಲ್ಯಾಬಿನ ಗುಣಮಟ್ಟಕ್ಕೆ ಸಿಗುವ ಎನ್‌ಎಬಿಎಲ್ ಮಾನ್ಯತೆ ಕಡ್ಡಾಯವಲ್ಲ, ಇದ್ದರೆ ಭರವಸೆ ಹೆಚ್ಚು. ಬಿಎಲ್‌ಡಿಇ ಮತ್ತು ಅಲ್-ಅಮೀನ್ ಎಂಬ ಎರಡು ವೈದ್ಯಕೀಯ ಕಾಲೇಜುಗಳು 1980ರ ದಶಕದಿಂದ ಈ ನಗರದಲ್ಲಿವೆ. ಅನುಮಾನದ ರಿಪೋರ್ಟನ್ನು ಇನ್ನೊಮ್ಮೆ ಪರಿಣತರಿಗೆ ತೋರಿಸಲು ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಹೋಗಲೇಬೇಕೆಂದಿಲ್ಲ.

ವೈದ್ಯರ ಬಳಿ ಹೋಗುವಾಗ ಇಷ್ಟು ಮಾಡಿ. ಹಳೆಯ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಜ್ವರ ಬಂದ ದಿನ ಯಾವುದು, ಇಲ್ಲಿಯವರೆಗೆ ನುಂಗಿದ ಗುಳಿಗೆ ಯಾವುವು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಗುಳಿಗೆಯ ಖಾಲಿ ಪಟ್ಟಿಯನ್ನೇ ಒಯ್ದರೂ ಆದೀತು. ಹೊಸ ಪರೀಕ್ಷೆ ಬರೆದುಕೊಟ್ಟಾಗ ‘ಇದು ಯಾಕ್ರಿ ಸರ? ಇದರಾಗ ಬಂದದ್ದರ ಮ್ಯಾಲೆ ನನ್ನ ಔಷಧಿ ಬದಲಾಗತದೇನ್ರಿ?’ ಎಂದು ಕೇಳಿ. ಬದಲಾಗುವುದಿಲ್ಲ ಎಂಬ ಉತ್ತರ ಬಂದರೆ, ಆ ಪರೀಕ್ಷೆ ನಿಮಗೆ ಈಗ ಬೇಕಿಲ್ಲ.